ಬೆನ್ನು ಮನೆಯವರದು

ಆ ಆಸ್ಪತ್ರೆಯ ಶವಾಗಾರದಲ್ಲಿ ಎಲ್ಲೂ ಬರೆದಿಡದ ಒಂದು ಕಟ್ಟಳೆಯಿತ್ತು: ಎದೆ ನಮ್ಮದು, ಬೆನ್ನು ಮನೆಯವರದು. ಹಿಂದೆ ಇದ್ದ ಮುದಿ ಡಾಕ್ಟರೊಬ್ಬರು ಹಾಕಿಕೊಟ್ಟ ದಾರಿ ಅದು. ಕೊಯ್ಯುವುದೇನಿದ್ದರೂ ಮುಂಭಾಗದಲ್ಲಿ. ಎದೆ ಹೊಟ್ಟೆಯ ಹೊಲಿಗೆ ಬಟ್ಟೆಯೊಳಗೆ ಅಡಗುತ್ತದೆ, ತಲೆಯದ್ದು ಕೂದಲೊಳಗೆ. ಮನೆಗೆ ಒಯ್ದು ಮೈ ತೊಳೆಯುವವರು ಮಗ್ಗುಲಿಗೆ ಹೊರಳಿಸಿದಾಗ ಬೆನ್ನಾದರೂ ತಾಯಿ ಹೆತ್ತ ಹಾಗೆ ಸಿಗಲಿ ಅನ್ನುವುದು ಅವರ ಮಾತು. ಅವರು ರಿಟೈರ್ ಆಗಿ ಹೋದರು, ಕಟ್ಟಳೆ ಉಳಿಯಿತು. ಈಗಿನ ಡಾಕ್ಟರಮ್ಮನಿಗೂ ಅದರ ಮೇಲೆ ಪ್ರೀತಿ. ಹೆಣ ಬಿಡಿಸಿಕೊಳ್ಳಲು ಬಂದವರು ಅವಳನ್ನು ಕಂಡರೆ ಕಟುಕರನ್ನು ಕಂಡ ಹಾಗೆ ಮುಖ ತಿರುಗಿಸುತ್ತಿದ್ದರು. ಅಂಥವರಿಗೆ ಕೊಡಲು ಅವಳ ಹತ್ತಿರ ಇದ್ದ ಒಂದೇ ಒಂದು ಸಮಾಧಾನದ ಮಾತೆಂದರೆ "ಬೆನ್ನು ಮುಟ್ಟಿಲ್ಲಮ್ಮ" ಅನ್ನುವುದು.

ಸುಣ್ಣನ ಹೆಣ ಬಂದ ದಿನವೂ ಅವಳು ಅದನ್ನೇ ಹೇಳಿದಳು.

ಸುಣ್ಣ ಎಂದರೆ ಗೋಡೆಗೆ ಬಣ್ಣ ಹೊಡೆಯುವವನು. ಕಿವಿಯ ಹಿಂದೆ, ಹುಬ್ಬಿನಲ್ಲಿ, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಬಿಳಿ ಅಂಟಿಸಿಕೊಂಡೇ ತಿರುಗುತ್ತಿದ್ದುದರಿಂದ ಆ ಹೆಸರು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಚಿಕ್ಕಂದಿನಿಂದ ಫಿಟ್ಸ್ ಇತ್ತು. ಫಿಟ್ಸ್ ನಿಂತ ಮೇಲೂ ಸ್ವಲ್ಪ ಹೊತ್ತು ಅವನು ಅವನಾಗಿರುತ್ತಿರಲಿಲ್ಲ. ಮುಟ್ಟಲು ಬಂದವರನ್ನು ಕೊಸರಿ ತಳ್ಳುತ್ತಿದ್ದ, ಎಲ್ಲಿದ್ದೇನೆಂದು ತಿಳಿಯದೆ ಎದ್ದು ನಡೆದುಬಿಡುತ್ತಿದ್ದ. ಮನೆಯವರಿಗೆ ಅದು ರೂಢಿ. ದೂರದಲ್ಲಿ ನಿಂತು ಮೆಲ್ಲಗೆ ಕರೆಯುತ್ತಿದ್ದರೆ ಸಾಕು, ಕಣ್ಣಿಗೆ ಬೆಳಕು ಬಂದು, "ಏನಕ್ಕಾ, ಎಲ್ಲಾ ಹಿಂಗೆ ಸುತ್ತ ನಿಂತಿದ್ದೀರಲ್ಲ, ಯಾರ ಮದುವೆ?" ಎಂದು ಕೇಳುತ್ತಿದ್ದ.

ಅಕ್ಕ ಬಸ್ ಕಂಡಕ್ಟರ್. ಹಿಂದಿನ ಸೀಟಿನಿಂದ ಕೂಗಿದರೆ ಮುಂದೆ ಡ್ರೈವರ್ ಬ್ರೇಕ್ ಒತ್ತುತ್ತಿದ್ದ, ಅಂಥ ಕಂಠ. ಪೊಲೀಸರು ಅವಳಿಗೂ ಅಮ್ಮನಿಗೂ ಹೇಳಿದ್ದು ಇಷ್ಟೇ: ರಸ್ತೆಯಲ್ಲಿ ಫಿಟ್ಸ್ ಬಂದು ಬಿದ್ದಿದ್ದ, ಎತ್ತಿ ನೀರು ಕುಡಿಸಿ ಜೀಪಿಗೆ ಹಾಕಿದೆವು, ದಾರಿಯಲ್ಲಿ ಹೋಗಿಬಿಟ್ಟ. ಅಕ್ಕ ನಂಬಿದಳು. ಇಂದಲ್ಲ ನಾಳೆ ಇಂಥದ್ದೊಂದು ಆಗುತ್ತದೆ ಎಂದು ಅವಳು ಎಷ್ಟೋ ವರ್ಷದಿಂದ ಹೆದರಿದ್ದಳು; ಹೆದರಿದ್ದೇ ನಡೆದಾಗ ಮನುಷ್ಯ ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಶವಾಗಾರದ ಬಾಗಿಲಲ್ಲಿ ಅವಳು ಡಾಕ್ಟರಮ್ಮನನ್ನು ಅಡ್ಡ ಹಾಕಿದ್ದಳು.

"ಫಿಟ್ಸಿಗೆ ಸತ್ತೋನನ್ನ ಯಾಕ್ರೀ ಹರೀಬೇಕು? ಕಾನೂನು ಅಂತೀರಾ, ಮಾಡ್ಕೊಳ್ಳಿ. ಆದ್ರೆ ಅವನ ಮೈ ತೊಳೆಯೋಳು ನಮ್ಮಮ್ಮ. ಜಾಸ್ತಿ ಏನಾದ್ರೂ ಕೊಯ್ದ್ರೋ, ನಾನು ಸುಮ್ನಿರೋ ಪೈಕಿ ಅಲ್ಲ. ಎಂಥೆಂಥೋರ್ನ ನಡು ರಸ್ತೇಲಿ ಬಸ್ಸಿಂದ ಇಳಿಸಿದೀನಿ."

"ನಾನೇನು ಟಿಕೆಟ್ ಇಲ್ದೆ ಹತ್ತಿಲ್ಲ" ಎಂದಿದ್ದಳು ಡಾಕ್ಟರಮ್ಮ. ಆಮೇಲೆ ಬೆಂಚಿನ ಮೇಲೆ ಮುದುಡಿ ಕೂತ ಅಮ್ಮನನ್ನು ನೋಡಿ ದನಿ ಇಳಿಸಿ, "ಬೆನ್ನು ಮುಟ್ಟಲ್ಲ ತಾಯಿ, ಮಾತು ಕೊಡ್ತೀನಿ" ಎಂದಿದ್ದಳು.

ಮಾತು ಉಳಿಸಿಕೊಂಡಳು. ಒಳಗೆ ಸಿಕ್ಕಿದ್ದು ಸ್ವಲ್ಪ ದೊಡ್ಡದಾದ ಹೃದಯ, ಅದರ ಗೋಡೆ ಕೊಂಚ ದಪ್ಪ. ಬೇರೆ ಏನೂ ಇಲ್ಲ. ಹೊರಗೆ ಕಾಯುತ್ತಿದ್ದ ಇನ್ಸ್‌ಪೆಕ್ಟರಿಗೆ "ಹೃದಯ ಇರಬಹುದು" ಎಂದಳು. ಡಾಕ್ಟರ ಬಾಯಲ್ಲಿ "ಇರಬಹುದು" ಎಂದು ಹೊರಟ ಮಾತು ಪೊಲೀಸರ ಕಿವಿ ತಲುಪುವ ಹೊತ್ತಿಗೆ "ಹೌದು" ಆಗಿರುತ್ತದೆ. ಸಂಜೆಯೊಳಗೆ ಸುಣ್ಣನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು.

ಮರುದಿನ ಬೆಳಿಗ್ಗೆ ಹೆಣ ಬಿಡಿಸಿಕೊಳ್ಳಲು ಹೋಗುವ ಮುಂಚೆ ಅಕ್ಕ ಅಮ್ಮನ ಬಿಪಿ ಮಾತ್ರೆಗೆಂದು ಮೆಡಿಕಲ್ ಶಾಪಿಗೆ ಹೋದಳು. ಸುಣ್ಣ ಬಿದ್ದದ್ದು ಆ ಅಂಗಡಿಯ ಮುಂದೆಯೇ. ಅಂಗಡಿಯವನು ಅವಳ ಮುಖ ನೋಡದೆ ಮಾತ್ರೆಯ ಪಟ್ಟಿ ಕತ್ತರಿಸಿದ.

"ನಾನು ಹೇಳಿದೆ ಅಕ್ಕಾ ಅವರಿಗೆ. ಇವನು ಕುಡುಕ ಅಲ್ಲ, ನಮ್ಮ ಗಿರಾಕಿ, ಫಿಟ್ಸ್ ಮಾತ್ರೆ ನನ್ನತ್ರಾನೇ ತಗೊಳ್ಳೋದು ಅಂತ. ನೀನು ಒಳಗೆ ಹೋಗಿ ಕೂತ್ಕೋ ಅಂದ್ರು."

"ಯಾರಿಗೆ ಹೇಳಿದೆ?"

"ಪೊಲೀಸ್ನೋರಿಗೆ. ಅವನ ಮೇಲೆ ಕೂತಿದ್ದಾಗ."

ಅಕ್ಕ ಕೈಗೆ ತೆಗೆದುಕೊಂಡಿದ್ದ ಮಾತ್ರೆಯನ್ನು ಮತ್ತೆ ಗಾಜಿನ ಮೇಲಿಟ್ಟಳು. "ಮೇಲೆ ಕೂತಿದ್ದಾಗ?"

ಅವನು ಕತ್ತರಿ ಕೆಳಗಿಟ್ಟ. "ನಿಮಗೆ ಹೇಳಿಲ್ವಾ?"

"ನೀನು ಹೇಳು."

"ಫಿಟ್ಸ್ ನಿಂತು ಎದ್ದಿದ್ದ. ದಿಕ್ಕು ತೋಚದೆ ನಡೀತಿದ್ದ. ಇವರು ತೋಳು ಹಿಡಿದ್ರು, ಇವನು ತಳ್ಳಿದ. ಅಷ್ಟೇ. ಬೋರಲು ಕೆಡವಿದ್ರು, ಕೈ ಹಿಂದಕ್ಕೆ ತಿರುಚಿ ಕೋಳ ಹಾಕಿದ್ರು. ಒಬ್ಬ ಕಾಲ ಮೇಲೆ. ಇಬ್ಬರು ಬೆನ್ನ ಮೇಲೆ ಮಂಡಿ ಊರಿ. ಉಸಿರು, ಉಸಿರು ಅಂದ ಅಕ್ಕಾ. ಮಾತಾಡೋಕೆ ಉಸಿರಿದೆಯಲ್ಲೋ ಅಂದ ಒಬ್ಬ. ಆಮೇಲೆ ಸುಮ್ಮನಾದ. ಸುಮ್ಮನಾದ ಮೇಲೂ ಅವರು ಏಳಲಿಲ್ಲ. ನಾಟಕ ಆಡ್ತಿದಾನೆ ಅಂದ್ರು."

"ನೀನು ಏನ್ ಮಾಡ್ತಿದ್ದೆ?"

"ನಾನು... ಒಳಗೆ ಹೋಗಿ ಕೂತೆ."

"ಚೆನ್ನಾಗಿ ಕೂತೆ" ಎಂದಳು ಅಕ್ಕ. "ಸಾಕ್ಷಿ ಹೇಳೋ ದಿನಕ್ಕಾದ್ರೂ ಎದ್ದು ನಿಲ್ಲು. ಇಲ್ದಿದ್ರೆ ನಾನೇ ಬಂದು ಎಬ್ಬಿಸ್ತೀನಿ."

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ವ್ಯಾನ್ ನಿಂತಿತ್ತು. ಅಮ್ಮ ಅದರೊಳಗೆ ಒಂದು ಮೂಲೆಯಲ್ಲಿ ಕೂತಿದ್ದಳು. ಸೋದರಮಾವ ವ್ಯಾನಿನ ನೆರಳಲ್ಲಿ ನಿಂತು, ಮದುವೆ ಮನೆಯ ಉಸ್ತುವಾರಿ ಹೊತ್ತವನ ಹಾಗೆ ಅವರಿವರಿಗೆ ಕೈಸನ್ನೆ ಮಾಡುತ್ತಿದ್ದ.

"ಬಾಮ್ಮ, ಎಲ್ಲಾ ಸಲೀಸಾಗಿ ಮುಗೀತು. ಒಂದು ಸಹಿ, ಅಷ್ಟೇ. ಇನ್ಸ್‌ಪೆಕ್ಟರ್ ಸಾಹೇಬ್ರು ವ್ಯಾನೂ ಅವರೇ ಹೇಳಿದ್ರು. ದೇವರಂಥ ಮನುಷ್ಯ."

"ನಿಮ್ಮ ದೇವರು ನನ್ನ ತಮ್ಮನ ಬೆನ್ನನ್ನೇ ಪೀಠ ಮಾಡ್ಕೊಂಡಿದ್ರಂತೆ. ಕೇಳಿ ನೋಡಿ ಮಾವ" ಎಂದು ಅಕ್ಕ ನಿಲ್ಲದೆ ಒಳಗೆ ನಡೆದಳು. ಮಾವ ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ವ್ಯಾನಿನ ಮೇಲಿಟ್ಟ.

ಡಾಕ್ಟರಮ್ಮನ ಕೋಣೆಯಲ್ಲಿ ಫಿನಾಯಿಲ್ ವಾಸನೆ, ಕಿರಗುಟ್ಟುವ ಫ್ಯಾನು. ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಒರಗಿ ಕೂತಿದ್ದ.

"ಹೃದಯ ಅಂದ್ರಂತಲ್ಲ?" ಎಂದಳು ಅಕ್ಕ ಡಾಕ್ಟರಮ್ಮನಿಗೆ. "ಮೂರು ಮಹಡಿ ಸಾರುವೆ ಹತ್ತಿ ದಿನವಿಡೀ ಬ್ರಷ್ ಆಡಿಸ್ತಿದ್ದೋನಿಗೆ ಅಲ್ಲಿ ನಿಲ್ಲದ ಹೃದಯ, ಇವರು ಬೆನ್ನ ಮೇಲೆ ಕೂತ ಗಳಿಗೆಗೆ ಸರಿಯಾಗಿ ನಿಲ್ತಾ? ಏನು, ಮುಹೂರ್ತ ಇಟ್ಕೊಂಡಿತ್ತಾ?"

"ಏನಮ್ಮ, ನಾಲಿಗೆ ಬಿಗಿ ಹಿಡಿ" ಎಂದ ಇನ್ಸ್‌ಪೆಕ್ಟರ್. "ನಿನ್ನ ತಮ್ಮನಿಗೆ ಹುಚ್ಚು ಶಕ್ತಿ ಬಂದಿತ್ತು. ನಮ್ಮ ಹುಡುಗರನ್ನ ಎತ್ತೆತ್ತಿ ಒಗೀತಿದ್ದ. ಹಿಡಿದಷ್ಟೂ ಜಾಸ್ತಿ ಒದ್ದಾಡಿದ."

"ಬೋರಲು ಒತ್ತಿ ಹಿಡಿದ್ರೆ ಒದ್ದಾಡದೆ ಜೋಗುಳ ಹಾಡ್ತಾರಾ? ನೀರು ಕುಡಿಸಿದ್ವಿ ಅಂದ್ರಲ್ಲ ನಮ್ಮಮ್ಮಂಗೆ, ನೆಲಕ್ಕೆ ಮೂಗು ಉಜ್ಜಿಸ್ಕೊಂಡು ಮಲಗಿರೋನಿಗೆ ಯಾವ ಕಡೆಯಿಂದ ಕುಡಿಸಿದ್ರಿ?"

ಡಾಕ್ಟರಮ್ಮ ತಲೆ ಎತ್ತಿದಳು. "ನಿಮಗೆ ನಿನ್ನೆ ಇದು ಗೊತ್ತಿರಲಿಲ್ವಾ? ಹಿಡಿದಿದ್ದು?"

"ಇವತ್ತು ಬೆಳಿಗ್ಗೆ ಗೊತ್ತಾಯ್ತು. ಅಂಗಡಿಯೋನು ಹೇಳಿದ. ಯಾಕೆ, ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ಪೊಲೀಸರು ಹೆಣದ ಜೊತೆ ಕಳಿಸಿದ್ದ ಪತ್ರದಲ್ಲಿ "ಹೊಡೆದಾಟಕ್ಕೆ ಬಂದ, ಹಿಡಿದು ಹತೋಟಿಗೆ ತಂದೆವು, ನಂತರ ಕುಸಿದ" ಎಂದು ಮೂರು ಸಾಲಿತ್ತು. ಮನೆಯವರಿಗೂ ಅದು ತಿಳಿದಿದೆ, ತಿಳಿದೂ ಬೇಡ ಅನ್ನುತ್ತಿದ್ದಾರೆ ಎಂದುಕೊಂಡಿದ್ದಳು ಡಾಕ್ಟರಮ್ಮ. ಈಗ ಅವಳ ಮುಖ ಕೆಂಪಾಯಿತು. ತಪ್ಪು ಮಾಡಿದವರಿಗೆ ಬರುವ ಸಿಟ್ಟು ಬಂತು.

"ನಿನ್ನೆ ಬಾಗಿಲಲ್ಲಿ ನಿಂತು ಕೊಯ್ಯಬೇಡಿ ಅಂತ ಊರು ಕೇಳೋ ಹಾಗೆ ಕೂಗಿದ್ದು ಯಾರು? ಇವತ್ತು ಬಂದು ಕೂಗ್ತಿರೋದು ಯಾರು?"

"ನಾನೇ. ನಿನ್ನೆ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಗೊತ್ತಿರೋರು ಗೊತ್ತಿಲ್ದೋರ ಮಾತು ಕೇಳ್ತಾರಾ?"

ಡಾಕ್ಟರಮ್ಮ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಬೋರಲಾ, ಮಗ್ಗುಲಾ, ಅಂಗಾತಾನಾ? ಹೇಗೆ ಹಿಡಿದಿದ್ರಿ?"

"ಹೇಗೆ ಅಂದ್ರೆ... ನೆಲದ ಮೇಲೆ ಹಿಡಿದಿದ್ವಿ."

"ಗಾಳೀಲಿ ಹಿಡಿದಿರಲ್ಲ ಅಂತ ನನಗೂ ಗೊತ್ತು. ಮುಖ ಯಾವ ಕಡೆ ಇತ್ತು?"

"ಡಾಕ್ಟ್ರೇ, ಪರೀಕ್ಷೆ ಮುಗಿದಿದೆ. ಹೆಣ ಬಿಟ್ಟುಕೊಡಿ. ವ್ಯಾನ್ ಕಾಯ್ತಿದೆ."

"ನನ್ನ ಸಹಿ ಬಿದ್ದ ಮೇಲೆ ಮುಗಿಯೋದು. ಪೆನ್ನು ಇನ್ನೂ ನನ್ನ ಜೇಬಲ್ಲೇ ಇದೆ. ಸ್ವಲ್ಪ ಹೊರಗಿರಿ."

ಅವನು ಕುರ್ಚಿಯನ್ನು ಬೇಕೆಂದೇ ಸದ್ದಾಗುವಂತೆ ಎಳೆದು ಹೊರಗೆ ಹೋದ.

ಡಾಕ್ಟರಮ್ಮ ಅಕ್ಕನಿಗೆ ಕೂರಲು ಹೇಳಲಿಲ್ಲ. "ಕೇಳಿಸ್ಕೊಳ್ಳಿ, ಒಂದೇ ಸಲ ಹೇಳ್ತೀನಿ. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದ್ರೆ ಎದೆ ಅರಳೋಕೆ ಜಾಗ ಇರಲ್ಲ, ಹೊಟ್ಟೆ ನೆಲಕ್ಕೆ ಒತ್ತಿರುತ್ತೆ. ಒದ್ದಾಡ್ತಿರೋನಿಗೆ ಗಾಳಿ ಜಾಸ್ತಿ ಬೇಕು, ಸಿಗೋದು ಕಮ್ಮಿ. ಗಂಟಲಿಂದ ಎರಡು ಮಾತು ಹೊರಡಬಹುದು, ಬದುಕೋಕೆ ಅಷ್ಟು ಉಸಿರು ಸಾಲಲ್ಲ. ಮೊದಲೇ ಫಿಟ್ಸ್ ಬಂದು ಮೈ ದಣಿದಿದೆ. ಕೊನೆಗೆ ಹೃದಯ ನಿಲ್ಲುತ್ತೆ. ನಿಂತ ಹೃದಯಾನ ನಾನು ನೋಡ್ತೀನಿ. ಯಾರು ನಿಲ್ಲಿಸಿದ್ರು ಅಂತ ಅದರ ಮೇಲೆ ಇರಲ್ಲ."

"ಬೆನ್ನಲ್ಲಿ ಇರುತ್ತಾ?"

"ಇರಬಹುದು."

"ನಿಮ್ಮ ಇರಬಹುದು ಏನೇನು ಮಾಡಿದೆ ಅಂತ ನೋಡಿದ್ರಲ್ಲ."

ಡಾಕ್ಟರಮ್ಮ ಹಲ್ಲು ಕಚ್ಚಿದಳು. "ಅದಕ್ಕೇ ಬಿಡಿಸಿ ಹೇಳ್ತಿದೀನಿ. ಹೆಣ ಅಂಗಾತ ಮಲಗಿದ್ರೆ ರಕ್ತ ಬೆನ್ನಿಗೆ ಇಳಿದು ಚರ್ಮ ಪೂರ್ತಿ ನೇರಳೆ ಆಗಿರುತ್ತೆ. ಅದರಲ್ಲಿ ಪೆಟ್ಟು ಯಾವುದು ಅಂತ ಮೇಲಿಂದ ತಿಳಿಯಲ್ಲ. ಕತ್ತಿಂದ ಸೊಂಟದವರೆಗೂ ಬಿಡಿಸಿ ನೋಡಬೇಕು. ಸಣ್ಣ ಗಾಯ ಅಲ್ಲ ಅದು. ಇನ್ನೊಂದು ಮಾತು. ಬಿಡಿಸಿ ಏನೂ ಸಿಗದಿದ್ರೆ, ಇವರು ಅದನ್ನೇ ಎತ್ತಿ ಹಿಡಿದು ನೋಡಿ, ನಾವು ಮುಟ್ಟೇ ಇಲ್ಲ ಅಂತಾರೆ. ಬಿಡಿಸದಿದ್ರೆ ನಿಮ್ಮ ಕೈಯಲ್ಲಿ ಅನುಮಾನ ಆದ್ರೂ ಉಳಿಯುತ್ತೆ."

"ಅನುಮಾನ ಇಟ್ಕೊಂಡು ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

"ಹಾಗಾದ್ರೆ ಹೋಗಿ ನಿಮ್ಮಮ್ಮಂಗೆ ಹೇಳಿ ಬನ್ನಿ. ಕಾನೂನಿಗೆ ಅವರ ಒಪ್ಪಿಗೆ ಬೇಕಿಲ್ಲ. ಆದ್ರೆ ನಾನು ಮಾತು ಕೊಟ್ಟಿದೀನಿ."

"ನೀವು ಕೊಟ್ಟ ಮಾತನ್ನ ನಾನು ಮುರೀಬೇಕಾ?"

"ನೀವು ಹೇಳಿದ್ದಕ್ಕೇ ಕೊಟ್ಟಿದ್ದು."

ಇಬ್ಬರೂ ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡಿಕೊಂಡರು. ಸುಣ್ಣ ಬದುಕಿದ್ದಿದ್ದರೆ ಇಬ್ಬರನ್ನೂ ಕೂರಿಸಿ ಟೀ ಕುಡಿಸುತ್ತಿದ್ದ. ಅವನಿಗೆ ಜಗಳ ಕಂಡರೆ ಆಗುತ್ತಿರಲಿಲ್ಲ.

ವ್ಯಾನಿನ ಬಾಗಿಲಲ್ಲಿ ನಿಂತು ಅಕ್ಕ ಎಲ್ಲವನ್ನೂ ಹೇಳಿದಳು. ಅಂಗಡಿಯವನು ಕಂಡದ್ದು, ಮಂಡಿ ಊರಿದ್ದು, ಉಸಿರು ಉಸಿರು ಅಂದದ್ದು. ಅಮ್ಮ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೇಳಿದಳು.

"ಸುಳ್ಳು" ಎಂದಳು ಕೊನೆಗೆ.

"ಅಮ್ಮ, ಅವನಿಗ್ಯಾಕೆ ಸುಳ್ಳು ಹೇಳಬೇಕು?"

"ನೀರು ಕುಡಿಸಿದ್ರಂತೆ. ನಿನ್ನ ಮಾವ ಹೇಳಿದ."

"ಮಾವಂಗೆ ಹೇಳಿದ್ದು ಯಾರು?"

"ನನ್ನ ಮಗ ಫಿಟ್ಸಲ್ಲಿ ಹೋದ. ಅವನಿಗೇ ಗೊತ್ತಾಗದ ಹಾಗೆ ಹೋದ. ಅಷ್ಟು ಸಾಕು ನನಗೆ. ಅದನ್ನೂ ಕಿತ್ಕೋಬೇಡ."

"ಅಮ್ಮ, ಬೆನ್ನು ಬಿಡಿಸಿ ನೋಡ್ತಾರೆ."

ಅಮ್ಮ ಮುಖ ಎತ್ತಿದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. "ನಿನ್ನೆ ಒಂದು ಸಲ ಹರಿದ್ರು, ಬಾಯಿ ಮುಚ್ಚಿಕೊಂಡಿದ್ದೆ. ಇನ್ನೊಂದು ಸಲ ಅವನ ಮೇಲೆ ಕತ್ತಿ ಇಡಿಸಿದ್ಯೋ, ನಮ್ಮ ಮನೆ ಹೊಸಿಲು ತುಳೀಬೇಡ. ಹೆತ್ತಿದ್ದು ಒಬ್ಬನ್ನೇ ಅಂದ್ಕೋತೀನಿ."

ಮಾವ ನಡುವೆ ತಲೆ ತೂರಿಸಿದ. "ಹೋದೋನು ಹೋದ. ಇರೋರು ಬಾಳಬೇಕು. ಪೊಲೀಸರ ಹಗೆ ಕಟ್ಕೊಂಡು ನಾಳೆ ನೀನು ಡ್ಯೂಟಿಗೆ ಹೋಗೋದು ಬೇಡ್ವಾ?"

"ಮಾವ, ನೀವು ನೆರಳಲ್ಲೇ ಇರಿ. ಬಿಸಿಲಿಗೆ ಬಂದ್ರೆ ಕರಗಿಹೋಗ್ತೀರಾ" ಎಂದಳು ಅಕ್ಕ.

ಅವಳು ಅಂಗಳ ದಾಟುವಾಗ ಹಿಂದಿನಿಂದ ಅಮ್ಮ ಕರೆಯಲಿಲ್ಲ. ಕರೆದಿದ್ದರೆ ನಿಲ್ಲುತ್ತಿದ್ದಳೋ ಏನೋ. ಶವಾಗಾರದ ಬಾಗಿಲಲ್ಲಿ ಕೈಗವಸು ಹಾಕಿಕೊಂಡು ಡಾಕ್ಟರಮ್ಮ ನಿಂತಿದ್ದಳು.

"ಏನಂದ್ರು?"

"ಬೇಡ ಅಂದ್ಲು. ಮಾಡಿ."

ಬಾಗಿಲು ಮುಚ್ಚಿತು. ಅಕ್ಕ ಗೋಡೆಗೆ ಒರಗಿ ನಿಂತಳು. ಆ ಗೋಡೆಯ ಬಣ್ಣ ಎದ್ದು ಹಪ್ಪಳ ಹಪ್ಪಳವಾಗಿ ಉದುರುತ್ತಿತ್ತು. ತಮ್ಮನಾಗಿದ್ದರೆ ಯಾರು ಹೊಡೆದದ್ದಪ್ಪ ಇದನ್ನು ಎಂದು ಬೈಯುತ್ತಿದ್ದ. ಒಳಗೆ ಮೇಜಿನ ಗಾಲಿ ಉರುಳಿದ ಸದ್ದು. ಅಟೆಂಡರ್ "ಎಡಗಡೆಗೆ, ನಿಧಾನ" ಅಂದದ್ದು. ಆಮೇಲೆ ತುಂಬಾ ಹೊತ್ತು ನಲ್ಲಿಯ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಏನೂ ಸಿಗದಿದ್ದರೆ? ಅಮ್ಮನೂ ಹೋದಳು, ತಮ್ಮನ ಬೆನ್ನೂ ಹೋಯಿತು, ಇವರೆಲ್ಲ ಬೆಳ್ಳಗೆ ತೊಳೆದುಕೊಂಡು ಎದ್ದು ಹೋಗುತ್ತಾರೆ.

ಬಾಗಿಲು ತೆರೆದು ಅಟೆಂಡರ್ ಇನ್ಸ್‌ಪೆಕ್ಟರನ್ನು ಒಳಗೆ ಕರೆದ. ಅವನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಅಕ್ಕನ ಪಕ್ಕದಿಂದಲೇ ಹಾದುಹೋದ. ಬಾಗಿಲು ಪೂರ್ತಿ ಮುಚ್ಚಲಿಲ್ಲ.

"ಹತ್ತಿರ ಬನ್ನಿ" ಎಂದಿತು ಡಾಕ್ಟರಮ್ಮನ ದನಿ.

"ಇಲ್ಲಿಂದಾನೇ ಕಾಣುತ್ತೆ."

"ಕಣ್ಣು ಬಿಟ್ರೆ ಕಾಣುತ್ತೆ. ಇಲ್ಲಿ ನೋಡಿ, ಸೊಂಟದ ಹತ್ತಿರ. ನೇರಳೆ ಇದೆಯಲ್ಲ? ಗೀರಿ ನೀರು ಬಿಡ್ತೀನಿ. ಹೋಯ್ತು. ಇದು ಸತ್ತ ಮೇಲೆ ಇಳಿದ ರಕ್ತ. ಈಗ ಮೇಲೆ ಬನ್ನಿ. ಹೆಗಲ ಮೂಳೆಗಳ ನಡುವೆ, ಮಾಂಸದೊಳಗೆ. ನೀರು ಬಿಡ್ತೀನಿ. ಹೋಯ್ತಾ?"

ಇನ್ಸ್‌ಪೆಕ್ಟರ್ ಕರವಸ್ತ್ರದೊಳಗೆ ಕೆಮ್ಮಿದ.

"ಹೋಯ್ತಾ ಅಂತ ಕೇಳಿದೆ."

"ಇಲ್ಲ."

"ಬಲ ಹೆಗಲ ಮೇಲೆ ಇನ್ನೊಂದು. ಅಂಗೈಯಷ್ಟಗಲ. ಇದೂ ಹೋಗಲ್ಲ. ರಕ್ತ ಹರೀತಿದ್ದಾಗ ಆದದ್ದು, ಬದುಕಿದ್ದಾಗ."

"ಬಿದ್ದಾಗ ಆಗಿರುತ್ತೆ ಡಾಕ್ಟ್ರೇ."

"ಮೂಗು, ಗಲ್ಲ, ಎರಡೂ ಮೊಣಕಾಲು ತರಚಿದೆ. ಮುಂದಕ್ಕೆ ಬಿದ್ದೋನು. ಒಂದೇ ಸಲಕ್ಕೆ ಬೋರಲೂ ಅಂಗಾತಾನೂ ಬಿದ್ದೋರನ್ನ ನಾನಂತೂ ನೋಡಿಲ್ಲ. ನಿಮ್ಮ ಇಲಾಖೇಲಿ ಯಾರಾದ್ರೂ ಇದ್ರೆ ಕಳಿಸಿ, ನೋಡ್ತೀನಿ."

"ಏನು ಬರೀತೀರಾ?"

"ಬೋರಲು ಹಿಡಿದು ಬೆನ್ನ ಮೇಲೆ ಭಾರ ಹಾಕಿ ಉಸಿರಾಟಕ್ಕೆ ಅಡ್ಡಿ ಆದದ್ದು ಅಂತ ಬರೀತೀನಿ. ಹೃದಯ ದೊಡ್ಡದಿತ್ತು ಅಂತಾನೂ ಬರೀತೀನಿ. ಫಿಟ್ಸ್ ಬಂದಿತ್ತು ಅಂತಾನೂ. ದೊಡ್ಡ ಹೃದಯದೋನ ಮೇಲೆ ಕೂತ್ಕೋಬಹುದು ಅಂತ ಎಲ್ಲೂ ಕಾನೂನಿಲ್ಲ."

"ಯೋಚನೆ ಮಾಡಿ ಬರೀರಿ. ನಾಳೆ ಕೋರ್ಟಲ್ಲಿ, ನಿನ್ನೆ ಯಾಕೆ ನೋಡಲಿಲ್ಲ ಅಂತ ಕೇಳ್ತಾರೆ ನಿಮ್ಮನ್ನ."

"ಕೇಳ್ತಾರೆ" ಎಂದಳು ಡಾಕ್ಟರಮ್ಮ. "ಹೇಳ್ತೀನಿ."

ಇನ್ಸ್‌ಪೆಕ್ಟರ್ ಹೊರಗೆ ಬಂದವನು ಅಕ್ಕನ ಮುಂದೆ ಒಂದು ಗಳಿಗೆ ನಿಂತ. "ನಿನ್ನ ಬಸ್ಸು ನಮ್ಮ ಠಾಣೆ ಮುಂದಿನಿಂದಲೇ ಅಲ್ವಾ ಹೋಗೋದು?"

"ದಿನಾ ಹೋಗುತ್ತೆ" ಎಂದಳು ಅಕ್ಕ. "ಅಲ್ಲಿ ಸ್ಟಾಪೂ ಇದೆ. ಹತ್ತೋದಿದ್ರೆ ಬನ್ನಿ, ಜಾಗ ಕೊಡ್ತೀನಿ. ಕೂರೋಕೆ ಸೀಟ್ ಇರುತ್ತೆ, ಮನುಷ್ಯರ ಮೇಲೆ ಕೂರಬೇಕಾಗಿಲ್ಲ."

ಡಾಕ್ಟರಮ್ಮ ಕೈಗವಸು ಕಿತ್ತುಹಾಕುತ್ತಾ ಬಾಗಿಲಿಗೆ ಬಂದಳು. "ಹೊಲಿಗೆ ಸಣ್ಣದಾಗಿ ಹಾಕಿಸ್ತೀನಿ" ಎಂದಳು. "ಹಾಕಿಸಿ. ನಿನ್ನೇನೇ ನೋಡಿದ್ದಿದ್ರೆ ಒಂದೇ ಸಲಕ್ಕೆ ಮುಗೀತಿತ್ತು" ಎಂದಳು ಅಕ್ಕ. ಡಾಕ್ಟರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೆಣವನ್ನು ವ್ಯಾನಿಗೇರಿಸಿದಾಗ ಬಿಸಿಲು ನೆತ್ತಿಗೇರಿತ್ತು. ಮಾವ ವ್ಯಾನಿನ ನೆರಳಲ್ಲಿರಲಿಲ್ಲ; ಇನ್ಸ್‌ಪೆಕ್ಟರನ ಜೀಪಿನ ಹತ್ತಿರ ಕೈಮುಗಿದು ನಿಂತು ಅವನಿಗೆ ಏನೋ ಹೇಳಿಕೊಳ್ಳುತ್ತಿದ್ದ. ಅಮ್ಮ ಮಗನ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದಳು, ಮತ್ತೆ ಮುಚ್ಚಿದಳು. ಮಗಳ ಕಡೆ ತಿರುಗಲಿಲ್ಲ.

"ಸಿಕ್ತಾ?"

"ಸಿಕ್ತು. ಎರಡು ಕಡೆ. ಬದುಕಿದ್ದಾಗ ಆದದ್ದಂತೆ."

ಅಮ್ಮ ಬಟ್ಟೆಯ ಅಂಚನ್ನು ಮಗನ ಹೆಗಲ ಕೆಳಗೆ ಸಿಕ್ಕಿಸಿದಳು. "ಫಿಟ್ಸಲ್ಲಿ ಹೋದ ಮಗನಿಗೆ ಹೇಗೋ ಅತ್ತು ಮುಗಿಸ್ತಿದ್ದೆ" ಎಂದಳು ಆಮೇಲೆ. "ಇವನಿಗೆ ಎಷ್ಟು ದಿನ ಅಳಲಿ ನಾನು? ಇದನ್ನ ತಂದು ಕೊಟ್ಟೆಯಲ್ಲ, ನಿನ್ನ ಕೈಗೆ ಏನು ಬಂತು?"

"ಅಳಬೇಡ. ಹೇಳಿಕೆ ಕೊಡು. ಫಿಟ್ಸ್ ಆದ್ಮೇಲೆ ಅವನು ಹೇಗಿರ್ತಿದ್ದ, ಮುಟ್ಟಿದ್ರೆ ಏನ್ ಮಾಡ್ತಿದ್ದ, ಅದು ಹೊಡೆದಾಟ ಅಲ್ಲ ಅಂತ ನಿನಗಿಂತ ಚೆನ್ನಾಗಿ ಯಾರು ಹೇಳ್ತಾರೆ? ಡಾಕ್ಟ್ರು ಹೇಳಿದ್ರೆ, ನಿನ್ನೆ ಯಾಕೆ ನೋಡಲಿಲ್ಲ ಅಂತ ನೂರು ಪ್ರಶ್ನೆ ಕೇಳ್ತಾರೆ. ಅಂಗಡಿಯೋನು ಹೆದರುಪುಕ್ಕಲ."

"ನಿನ್ನ ಜೊತೆ ನಾನು ಮಾತಾಡಲ್ಲ."

"ನನ್ನ ಜೊತೆ ಬೇಡ. ಆ ಪೊಲೀಸರ ಜೊತೆ ಮಾತಾಡು."

ಡ್ರೈವರ್ ಎಂಜಿನ್ ಶುರು ಮಾಡಿದ್ದ. ಅಮ್ಮ ವ್ಯಾನಿನ ಕಿಟಕಿಯಿಂದ ಜೀಪಿನ ಕಡೆ ನೋಡಿದಳು. ಅಲ್ಲಿ ತನ್ನ ತಮ್ಮ ಕೈಮುಗಿದು ನಿಂತಿರುವುದನ್ನೂ, ಎದುರಿಗೆ ಇನ್ಸ್‌ಪೆಕ್ಟರ್ ಕನ್ನಡಕ ಒರೆಸಿಕೊಳ್ಳುತ್ತಿರುವುದನ್ನೂ ನೋಡಿದಳು.

"ಆರಿಸಪ್ಪ ಅದನ್ನ" ಎಂದಳು ಡ್ರೈವರಿಗೆ. "ಇಳೀಬೇಕು."

ಮಗಳು ಬಾಗಿಲು ತೆಗೆದಳು. ಕೈ ಕೊಟ್ಟರೆ ಕೊಡವುತ್ತಾಳೆಂದು ಗೊತ್ತಿದ್ದುದರಿಂದ ಕೈ ಚಾಚಲಿಲ್ಲ. ಕಾಲಿಡಲು ಜಾಗ ಬಿಟ್ಟು ಪಕ್ಕಕ್ಕೆ ನಿಂತಳು. ಅಮ್ಮ ಬಾಗಿಲ ಕಂಬಿ ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಜೀಪಿನ ಕಡೆ ನಡೆದಳು.